ಶುಕ್ರವಾರಕ್ಕ ಎಷ್ಟು ಉಳ್ಳಾಗಡ್ಡಿ

ಸಿನಿಮಾ ಹೆಂಗ ಓಡತೈತಿ ಅಂತ
ಎಲ್ಲಾರೂ ಬಾಯಿಲೆ ಹೇಳತಾರ,
ನಾ ಹೇಳಬೇಕಾದ್ದು ಚೀಲದ ಲೆಕ್ಕದಾಗ.
ಗುರುವಾರ ಸಂಜಿ ಏಳಕ್ಕ
ಬೆಟಗೇರಿ ಭಟ್ಟಿಯವ ಫೋನ್ ಹಚ್ಚತಾನ:
"ರಾಚವ್ವಾ, ನಾಳಿಗೆ ಚುರುಮುರಿ ಎಷ್ಟು?"

ಇಪ್ಪತ್ತೆರಡು ವರ್ಷ ಆತು, ಈ ಥೇಟರಿನ ಕ್ಯಾಂಟೀನ ನಂದು.
ಒಳಗ ಕುಂತು ಪೂರ್ತಿ ನೋಡಿದ್ದು ಮೂರ ಸಿನಿಮಾ,
ಉಳಿದದ್ದೆಲ್ಲಾ ಗ್ವಾಡಿ ಈಚಿಂದ ಕೇಳೀನಿ.
ಹೊಡದಾಟದ್ದಾದ್ರ ಮಿರ್ಚಿ,
ಎಣ್ಣಿ ಆರಾಕ ಬಿಡೂದಿಲ್ಲ ಮಂದಿ.
ಅಳೂದಾದ್ರ ಚಾ, ಸಕ್ಕರಿ ಜಾಸ್ತಿ.
ದೆವ್ವದ್ದಾದ್ರ ಯಾರೂ ಕುರ್ಚಿ ಬಿಟ್ಟು ಏಳೂದಿಲ್ಲ,
ಮೌಲಾಲಿ ಕೈಯಾಗ ಬುಟ್ಟಿ ಕೊಟ್ಟು ಒಳಗ ಕಳಸಬೇಕು,
ಕತ್ತಲದಾಗ ಚಿಲ್ಲರ ತಪ್ಪತೈತಿ.

ಇದು ಯಾವ ಜಾತೀದು?

ಮ್ಯಾನೇಜರ ಕಬಾಡಿ ಮಾಸ್ತರ ಹೇಳಿದ್ದು ಇಷ್ಟು:
ಒಂದು ಗೂಡ್ಸ್ ಡಬ್ಬಿ. ಒಳಗ ನಾಕು ಮಂದಿ.
ಹೊರಗಿಂದ ಬಾಗಲಾ ಬಿದ್ದೈತಿ,
ಒಂಬತ್ತು ದಿನ ಯಾರಿಗೂ ಗೊತ್ತಿಲ್ಲ.
ಮೊದಲ ಅರ್ಧ ತಾಸು ನಗಸತಾರಂತ,
ಆಮ್ಯಾಲೆ ಹಸಿವಂತ,
ಆಮ್ಯಾಲೆ ನಾಕು ಇದ್ದವರು ಐದು ಆಗತಾರಂತ,
ಐದನೇದಂವ ಮನಶ್ಯಾನೋ ಏನೋ ಹೇಳೂದಿಲ್ಲಂತ.
ನಡುವ ಒಂದು ಲಗ್ನಾನೂ ಐತಂತ, ಡಬ್ಬಿ ಒಳಗ!

ಪೋಸ್ಟರ ಹಚ್ಚೂ ಹುಚ್ಚೀರಪ್ಪ
ಅಂಟಿನ ಬಕೀಟ ಇಳಿಸಿ ನಕ್ಕ:
"ಮೂರ ದಿನ. ಸೋಮವಾರ ಇದರ ಮ್ಯಾಲೆ ಬ್ಯಾರೇದ ಹಚ್ಚತೀನಿ.
ಎಲ್ಲಾ ಕೂಡಿಸಿ ಕಲಸಿದ್ರ ಅದು ಊಟ ಅಲ್ಲ,
ನಾಯಿಗೆ ಹಾಕೂದು."
ಮಾಸ್ತರಿಗೆ ಸಿಟ್ಟ ಬಂತು:
"ಹಂಗಾದ್ರ ಗಿರ್ಮಿಟ್ ಅಂದ್ರೇನಲೇ?"
ಅಂದು ನನ್ನ ಕಡೆ ನೋಡಿದ್ರು.

ಗಿರ್ಮಿಟ್‌ನಾಗೂ ಲೆಕ್ಕ ಐತ್ರಿ ಮಾಸ್ತರ.
ಗೊಜ್ಜು ಬಿದ್ದ ಮ್ಯಾಲೆ ಐದು ನಿಮಿಷ,
ಅಷ್ಟರಾಗ ತಿನ್ನಬೇಕು.
ಆರನೇದಕ್ಕ ಚುರುಮುರಿ ಜೀವ ಬಿಡತೈತಿ.

ಮೊದಲ ಆಟ ನನಗ ಈಗ ಕೇಳಸ್ತೈತಿ.
ಗದಗ ಜಂಕ್ಷನ್‌ದಾಗ ಮೂವತ್ತು ವರ್ಷ ಡಬ್ಬಿ ಜೋಡಿಸಿದ ಯಮನೂರಸಾಬ
ಮುಂದಿನ ಸಾಲಿನಾಗ ಕುಂತು ಒದರತಾನ:
"ಸೀಲ್ ಹಂಗ ಹಾಕೂದಿಲ್ಲೋ!"
ಹಸಿವಿನ ಜಾಗಾದಾಗ ಮಂದಿ ನಕ್ಕ ಬಿಟ್ರ
ಸಿನಿಮಾ ಅಲ್ಲೇ ಮುಗೀತು.
ಲಗ್ನಕ್ಕ ಮಗ್ಗದ ಹುಡುಗೂರ ಸೀಟಿ.
ಐದನೇದಂವ ಬಂದಾಗ —
ಅಲ್ಲಿ ನನಗೂ ಏನೂ ಕೇಳಸೂದಿಲ್ಲ.

ಮತ್ತ ಇಂಟರ್ವಲ್.
ಪರದೆ ಮ್ಯಾಲೆ ನಾಕು ಮಂದಿ ಹೊಟ್ಟಿ ಕಟಗೊಂಡು ಬಿದ್ದಾರ,
ಲೈಟ್ ಹತ್ತತಾವ,
ಬಾಗಲದಾಗಿಂದ ಮಿರ್ಚಿ ವಾಸನಿ.
ಏಳತಾರೋ?
ನಾಚಿಕೊಂಡು ಕುಂದರತಾರೋ?
ಹಸದಂವನ ಮುಂದ ಅಗೀಬ್ಯಾಡ ಅಂತಿದ್ಲು ನಮ್ಮವ್ವ.
ಚಿತ್ರದಾಗಿನ ಹಸಿವಿಗೂ ಅದು ಲಾಗೂ ಆಗತೈತೋ ಇಲ್ಲೋ
ಅಕಿ ಹೇಳಲಿಲ್ಲ.

ಬುಧವಾರ ಸೆಕೆಂಡ್ ಶೋಕ್ಕ ಒಬ್ಬರೂ ಬರಲಿಲ್ಲ.
ಆಪರೇಟರ ಗವಿಸಿದ್ದ
ಖಾಲಿ ಹಾಲಿನಾಗ ಇದನ್ನ ಹಚ್ಚಿ ಒಬ್ಬನ ನೋಡಿದ.
ಹನ್ನೆರಡಕ್ಕ ಪಾವಟಿಗಿ ಇಳದು ಬಂದ.
ಹೆಂಗೈತೋ, ಅಂದೆ.
ಮಾತಾಡಲಿಲ್ಲ.
ಉಳದಿದ್ದ ಗಿರ್ಮಿಟ್, ಸಂಜೀದು, ಮೆತ್ತಗಾದದ್ದು,
ನಿಂತಲ್ಲೇ ತಿಂದ.
ಆಮ್ಯಾಲೆ ಪೇಪರಿಗೆ ಅಂಟಿದ ಒಂದೊಂದ ಕಾಳು
ಬೆರಳಿಲೆ ಬಿಡಿಸಿ ಬಿಡಿಸಿ ತಿಂದ.
ಪೇಪರ್ ಮಡಚಿ ಕಿಸೆದಾಗ ಇಟಗೊಂಡ.
ರೊಕ್ಕ ಕೊಡೂದ ಮರತ.
ನಾನೂ ಕೇಳೂದ ಮರತೆ.

ಫೋನ್ ಇನ್ನೂ ಕಿವೀಗೆ ಐತಿ.
ಎರಡು ಚೀಲ, ಅಂದೆ.
ಇಟ್ಟು, ಮತ್ತ ಹಚ್ಚಿ,
ಮೂರು ತಾ, ಅಂದೆ.
ಮಾಸ್ತರಿಗೆ ಹೇಳಿಲ್ಲ. ಹುಚ್ಚೀರಪ್ಪಗ ಹೇಳಿದ್ರ ನಗತಾನ.

ಈಗ ಉಳ್ಳಾಗಡ್ಡಿ ಹೆಚ್ಚಾಕ ಕುಂತೀನಿ,
ಕಣ್ಣು, ಮೂಗು, ಎಲ್ಲಾ ಒಂದಾಗಿ ಸುರೀತಾವ.
ಮೌಲಾಲಿ ಸಿಪ್ಪಿ ಬಿಡಿಸೂದ ಬಿಟ್ಟು ಕೇಳತಾನ:
"ಅತ್ತೀ, ಪಿಕ್ಚರ್ ಅಷ್ಟು ಚಲೋ ಐತೇನು?"

ಇನ್ನೂ ನೋಡಿಲ್ಲೋ.
ಸುಲಿ ನೀ.